ಮಹಾಮಾರಿಯ ಕಾಲದ ಔಷಧವಿತರಕ



ಮಹಾಮಾರಿಯೊಂದು ನಾಡಿನ ಮೇಲೆರಗಿ ಹೋದ ಬಳಿಕ ವೈದ್ಯರನ್ನೂ ದಾದಿಯರನ್ನೂ ಕೃತಜ್ಞತೆಯಿಂದ ಸ್ಮರಿಸುವ ನಾವು, ವೈದ್ಯರು ಬರೆದ ಚೀಟಿಗೂ ರೋಗಿಯ ಗಂಟಲಿಗೂ ನಡುವೆ, ಗಾಜಿನ ಬೀರುಗಳ ಮುಂದೆ, ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುವ ಒಬ್ಬಾತನನ್ನು ಮಾತ್ರ ವ್ಯಾಪಾರಿಯೆಂದು ಬಗೆದು, ಹಣ ಎಣಿಸಿ ಕೊಟ್ಟು, ಚಿಲ್ಲರೆ ಪಡೆದು ಹಿಂದಿರುಗುತ್ತೇವೆ. ಈ ಸಂಜೆಯ ನನ್ನ ಮಾತು ಆತನನ್ನು ಕುರಿತದ್ದು. ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟನ ಹೊರತು ಅನ್ಯರು ಕೊಡಕೂಡದೆಂದು 1948ರ ಫಾರ್ಮಸಿ ಕಾಯಿದೆ ವಿಧಿಸುತ್ತದೆ. ಅಕ್ಕಿ ಬೇಳೆ ಮಾರುವವನಿಗಿಲ್ಲದ ಈ ಕಟ್ಟು ಇವನಿಗೇಕೆಂದರೆ, ಯಾವುದನ್ನು ಯಾರಿಗೆ ಕೊಡಬಾರದೆಂಬ ತಿಳಿವಳಿಕೆಯೂ ಇವನ ವಿದ್ಯೆಯಲ್ಲಿ ಅಡಗಿದೆ.

ಕೋವಿಡ್ ಮಹಾಮಾರಿಯಿಂದಾಗಿ 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲಿಕ್ಕಿಕೊಂಡಾಗ ತೆರೆದಿದ್ದ ಕೆಲವೇ ಬಾಗಿಲುಗಳಲ್ಲಿ ಔಷಧದಂಗಡಿಯದೂ ಒಂದು. ನಾನಿರುವ ತಾಲ್ಲೂಕು ಕೇಂದ್ರದಲ್ಲಿ, ಬಸ್ ನಿಲ್ದಾಣದ ಎದುರಿನ ಅಂಗಡಿಯ ಮುಂದೆ ಹಗ್ಗ ಕಟ್ಟಿ, ನೆಲದ ಮೇಲೆ ಸುಣ್ಣದಿಂದ ವೃತ್ತಗಳನ್ನು ಬರೆದಿದ್ದರು. ಒಂದು ಮಧ್ಯಾಹ್ನ ನನ್ನ ಮುಂದಿನ ವೃತ್ತದಲ್ಲಿ ನಿಂತಿದ್ದ ಹಣ್ಣುಹಣ್ಣು ಮುದುಕಿಯೊಬ್ಬಳು ಸೆರಗಿನ ಗಂಟಿನಿಂದ ಖಾಲಿ ಮಾತ್ರೆಯ ಪಟ್ಟಿಯೊಂದನ್ನು ತೆಗೆದು, "ಇದೇ ಕೊಡಪ್ಪ" ಎಂದಳು. ಆ ಕಂಪನಿಯ ಸರಕು ಬಂದಿರಲಿಲ್ಲ. ಅಂಗಡಿಯಾತನು ಪಟ್ಟಿಯನ್ನು ಬೆಳಕಿಗೆ ಹಿಡಿದು, ಹರಿದು ಅರ್ಧ ಉಳಿದಿದ್ದ ಅಕ್ಷರಗಳಿಂದ ಔಷಧದ ಮೂಲನಾಮವನ್ನು ಗುರುತಿಸಿ, ಬರೆದ ವೈದ್ಯರಿಗೆ ದೂರವಾಣಿಯಲ್ಲಿ ವಿಚಾರಿಸಿ, ಅದೇ ಔಷಧ ಅದೇ ಪ್ರಮಾಣದಲ್ಲಿದ್ದ ಬೇರೊಂದು ಕಂಪನಿಯ ಮಾತ್ರೆಯನ್ನು ತಿಂಗಳಿಗಾಗುವಷ್ಟು ಎಣಿಸಿ, "ಬಣ್ಣ ಬೇರೆ ಅಂತ ಬಿಟ್ಟುಬಿಡಬೇಡ ಅಜ್ಜಿ, ಬಿಪಿಗೆ ಇದೂ ಅದೇನೇ" ಎಂದು ಎರಡು ಸಲ ಹೇಳಿ ಕಳುಹಿಸಿದನು. ಸಾಂಕ್ರಾಮಿಕವು ತನ್ನ ವಿಷಾಣುವಿನಿಂದ ಕೊಲ್ಲುವಂತೆಯೇ, ಹಳೆಯ ರೋಗಗಳ ಔಷಧ ತಪ್ಪಿಸಿಯೂ ಕೊಲ್ಲಬಲ್ಲದು. ಆ ಎರಡನೆಯ ದಾರಿಗೆ ಅಡ್ಡ ನಿಂತದ್ದು ಇಂಥ ಅಂಗಡಿಗಳು.

ಅದೇ ಮಾರ್ಚಿನಲ್ಲಿ ಕೇಂದ್ರ ಸರ್ಕಾರವು ಮುಖಗವಸನ್ನೂ ಸ್ಯಾನಿಟೈಸರನ್ನೂ ಅವಶ್ಯಕ ವಸ್ತುಗಳೆಂದು ಸಾರಿ, 200 ಮಿಲಿಲೀಟರಿನ ಸೀಸೆಗೆ 100 ರೂಪಾಯಿಯ ಮಿತಿ ಹಾಕಬೇಕಾಯಿತು. ಜನರ ಭೀತಿಯನ್ನು ಲಾಭಕ್ಕೆ ತಿರುಗಿಸಿದವರು ಇದ್ದರೆಂಬುದನ್ನು ನಾನು ಮರೆಮಾಚಲಾರೆ. ಅದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಬಂದದ್ದು ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಪ್ರಸಂಗದಲ್ಲಿ. ಆರೋಗ್ಯ ಕಾರ್ಯಕರ್ತರಿಗೆ ಮುನ್ನೆಚ್ಚರಿಕೆಯಾಗಿ ಅದನ್ನು ಕೊಡಬಹುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಲಹೆ ಹೊರಟದ್ದೇ ತಡ, ಆರೋಗ್ಯವಂತರೆಲ್ಲ ಅದನ್ನು ಕೊಂಡು ಮನೆಯಲ್ಲಿ ಕೂಡಿಡತೊಡಗಿದರು; ಲೂಪಸ್ ರೋಗಿಗಳೂ ಸಂಧಿವಾತದವರೂ ತಮ್ಮ ನಿತ್ಯದ ಗುಳಿಗೆಗಾಗಿ ಅಂಗಡಿಯಿಂದಂಗಡಿಗೆ ಅಲೆದರು. ಮಾರ್ಚ್ 26ರಂದು ಸರ್ಕಾರವು ಅದರ ಮಾರಾಟವನ್ನು ಎಚ್1 ಅನುಸೂಚಿಯ ನಿಯಮಕ್ಕೆ ಒಳಪಡಿಸಿತು. ಆ ನಿಯಮದ ಪ್ರಕಾರ ರೋಗಿಯ ಹೆಸರು, ವೈದ್ಯರ ಹೆಸರು ಮತ್ತು ವಿಳಾಸ, ಕೊಟ್ಟ ಪ್ರಮಾಣ ಇಷ್ಟನ್ನೂ ವಹಿಯಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಆದರೆ ಚೀಟಿಯಿಲ್ಲದೆ ಬಂದ ನೆರೆಯವನ ಮುಖ ನೋಡಿ "ಇಲ್ಲ" ಎಂದು, ನಾಲ್ಕು ಪಟ್ಟಿಗಳನ್ನು ಕೀಲುನೋವಿನ ಹೆಂಗಸಿಗಾಗಿ ಎತ್ತಿಟ್ಟವನ ಕಾರ್ಯಕ್ಕೆ ಆ ವಹಿಯಲ್ಲಿ ಅಂಕಣವಿಲ್ಲ.

ಈ "ಇಲ್ಲ"ದ ಬೆಲೆ ಎಷ್ಟೆಂಬುದು 2021ರ ಎರಡನೆಯ ಅಲೆಯಲ್ಲಿ ಕಂಡಿತು. ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಕೃತಕ ಉಸಿರಾಟದಲ್ಲಿದ್ದ ರೋಗಿಗಳ ಮರಣವನ್ನು ಮೂರರಲ್ಲೊಂದು ಪಾಲು, ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಐದರಲ್ಲೊಂದು ಪಾಲು ತಗ್ಗಿಸಿತೆಂದು ಬ್ರಿಟನ್ನಿನ ರಿಕವರಿ ಪ್ರಯೋಗವು 2020ರ ಜೂನಿನಲ್ಲಿ ಪ್ರಕಟಿಸಿತ್ತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲವೆಂದೂ ಜೊತೆಯಲ್ಲೇ ಹೇಳಿತ್ತು. ನಮ್ಮ ಜನರ ಕಿವಿಗೆ ಮೊದಲರ್ಧ ತಲುಪಿತು, ಎರಡನೆಯದು ತಲುಪಲಿಲ್ಲ. ಮೊಬೈಲಿನಿಂದ ಮೊಬೈಲಿಗೆ ಹರಿದು ಬಂದ, ಯಾರಿಗೋ ಬರೆದ ಚೀಟಿಯ ಚಿತ್ರವನ್ನು ತೋರಿಸಿ ತರುಣನೊಬ್ಬನು, "ಅಣ್ಣಾ, ಅಪ್ಪನಿಗೆ ಜ್ವರ, ಇದರಲ್ಲಿರೋದೆಲ್ಲ ಕೊಡಿ" ಎಂದಾಗ ಆ ಅಂಗಡಿಯಾತನು ಕೇಳಿದ್ದು ಎರಡೇ ಪ್ರಶ್ನೆ: ಆಕ್ಸಿಜನ್ ಎಷ್ಟು ತೋರಿಸುತ್ತಿದೆ, ಸಕ್ಕರೆ ಕಾಯಿಲೆ ಉಂಟೆ? ಆಕ್ಸಿಜನ್ 97 ಇತ್ತು, ಸಕ್ಕರೆಯೂ ಇತ್ತು. ಪ್ಯಾರಾಸಿಟಮಾಲ್ ಮಾತ್ರ ಕೊಟ್ಟು, ಸ್ಟೀರಾಯ್ಡ್ ಕೊಡಲೊಲ್ಲದೆ, 94ಕ್ಕಿಂತ ಇಳಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಕಾಗದದಲ್ಲಿ ಬರೆದುಕೊಟ್ಟನು. ಹುಡುಗನು ಸಿಟ್ಟಾಗಿ ಹೋದನು. ಹತೋಟಿ ತಪ್ಪಿದ ಮಧುಮೇಹವೂ ಅನವಶ್ಯಕ ಸ್ಟೀರಾಯ್ಡೂ ಕೂಡಿದಲ್ಲಿ ಕಪ್ಪು ಶಿಲೀಂಧ್ರವು ಕಣ್ಣು ದವಡೆಗಳನ್ನು ತಿನ್ನುತ್ತಿದ್ದ, ಅದರ ಔಷಧವಾದ ಆಂಫೋಟೆರಿಸಿನ್ ಎಲ್ಲಿಯೂ ದೊರೆಯದೆ ಮನೆಮಂದಿ ಗೋಳಿಟ್ಟ ಆ ಮೇ ತಿಂಗಳನ್ನು ನೆನೆದಾಗಲೆಲ್ಲ ನನಗೆ ಆ ಕಾಗದದ ಚೂರು ಕಣ್ಣಿಗೆ ಕಟ್ಟುತ್ತದೆ.

ಇತರ ದೇಶಗಳು ಔಷಧದಂಗಡಿಯ ಬಾಗಿಲನ್ನು ಇನ್ನೂ ಅಗಲವಾಗಿ ತೆರೆದವು. ಬ್ರಿಟನ್ನಿನಲ್ಲಿ 2021ರ ಜನವರಿಯಿಂದ, ಅಮೆರಿಕದಲ್ಲಿ ಫೆಬ್ರವರಿಯಿಂದ ಬೀದಿಯ ಔಷಧದಂಗಡಿಗಳಲ್ಲಿ ಲಸಿಕೆ ದೊರೆಯತೊಡಗಿತು. ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ, ಮನೆಯೊಳಗೆ ಹೊಡೆಸಿಕೊಳ್ಳುತ್ತಿದ್ದ ಹೆಂಗಸು ಅಂಗಡಿಗೆ ಬಂದು "ಮುಖಗವಸು 19" ಕೇಳಿದರೆ ಸಾಕು, ಫಾರ್ಮಸಿಸ್ಟನು ರಕ್ಷಣೆಗೆ ಕರೆ ಕಳುಹಿಸುವ ಏರ್ಪಾಡಾಗಿತ್ತು. ನಮ್ಮಲ್ಲಿಯೂ ಇವನಿಗೆ ತರಬೇತಿಯಿತ್ತು ಲಸಿಕೆಯ ಕಾರ್ಯವನ್ನು ವಹಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಅದಕ್ಕೆ ಮೊದಲು, ಗೋಡೆಯ ಮೇಲೆ ಒಬ್ಬನ ಪ್ರಮಾಣಪತ್ರ ತೂಗಿ, ಕೆಳಗೆ ಓದು ಬರಹ ಮಾತ್ರ ಬಲ್ಲ ಹುಡುಗನು ಮಾತ್ರೆ ಕತ್ತರಿಸಿ ಕೊಡುವ ದುಷ್ಪದ್ಧತಿ ತೊಲಗಬೇಕು. ಅರಿತವನು ಅಂಗಡಿಯಲ್ಲಿಲ್ಲದಿದ್ದರೆ ಆ ಎರಡು ಪ್ರಶ್ನೆಗಳನ್ನು ಕೇಳುವವರಾರು?

ನಾನು ಹೇಳಿದ ಆ ಅಂಗಡಿಯಾತನಿಗೂ ಅದೇ ಮೇ ತಿಂಗಳಲ್ಲಿ ಜ್ವರ ಬಂದಿತು. ಅನುಮಾನ ಹುಟ್ಟಿದ ಸಂಜೆಯೇ ಬಾಗಿಲು ಮುಚ್ಚುವ ಮುನ್ನ, ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಸೀಸೆಗಳನ್ನು ತಾನು ಮುಟ್ಟದೆ, ದೂರದಲ್ಲಿ ನಿಂತು ತಮ್ಮನಿಗೆ ಹೇಳಿಕೊಟ್ಟು, ಮಂಜುಗಡ್ಡೆ ನೇರವಾಗಿ ತಗುಲಿ ಔಷಧ ಹೆಪ್ಪುಗಟ್ಟಿ ಕೆಡದಂತೆ ಬಟ್ಟೆ ಸುತ್ತಿಸಿ ಡಬ್ಬಿಯಲ್ಲಿರಿಸಿ, ಇಷ್ಟು ದಿನವೂ ಗಿರಾಕಿಗಳಿಗಾಗಿ ತನ್ನೊಡನೆ ಪೈಪೋಟಿ ನಡೆಸಿದ್ದ ಹಿಂದಿನ ಬೀದಿಯ ಅಂಗಡಿಗೆ ಕಳುಹಿಸಿದನು. ಜೊತೆಯಲ್ಲಿ ಒಂದು ಪಟ್ಟಿಯೂ ಹೋಯಿತು. ಯಾರಿಗೆ ಯಾವ ಇನ್ಸುಲಿನ್, ಯಾವ ದಿನ ಮುಗಿಯುತ್ತದೆ, ಅಂಗಡಿಯವರೆಗೆ ನಡೆದು ಬರಲಾರದವರು ಯಾರು ಎಂದು ಅದರಲ್ಲಿ ಬರೆಸಿದ್ದನು.