ಟ್ರಕ್ ರೆಡಿ, ಸ್ಟಾಂಪ್ ಬಾಕಿ: ಮಧ್ಯ ಏಷ್ಯಾದ ಗಡಿಗಳಲ್ಲಿ ಪೇಪರ್ ಕಥೆ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಇವತ್ತು ಒಂದು ಲೋಡ್ ಚೆರ್ರಿ ಹಣ್ಣಿನ ಹಿಂದೆ ಹೋಗೋಣ. ಎಲ್ಲಿಂದ? ಉಜ್ಬೇಕಿಸ್ತಾನದ ಫರ್ಗಾನಾ ಕಣಿವೆಯಿಂದ. ಈ ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದ್ರೆ ಅದು ಹೈಸ್ಕೂಲ್ ಇತಿಹಾಸದ ನೆನಪು. ಬಾಬರ್ ಹುಟ್ಟಿದ ಆಂದಿಜಾನ್ ಇರೋದು ಈ ಕಣಿವೆಯಲ್ಲೇ.

ಲೋಡ್ ನಾನು ಉದಾಹರಣೆಗೆ ಕಲ್ಪಿಸಿಕೊಂಡಿದ್ದು, ದಾರಿ ಮಾತ್ರ ನಿಜದ್ದು. ಬೇಸಿಗೆಯ ಶುರುವಿನಲ್ಲಿ ಹಣ್ಣು ಕೊಯ್ದು, ಕೂಲರ್ ಇರೋ ಟ್ರಕ್‌ಗೆ ತುಂಬಿ ರಷ್ಯಾಕ್ಕೆ ಕಳಿಸ್ತಾರೆ. ತಾಷ್ಕೆಂಟ್ ದಾಟಿದ ಮೇಲೆ ಯಲ್ಲಾಮಾ ಅನ್ನೋ ಕಡೆ ಕಜಕಿಸ್ತಾನದ ಗಡಿ ಸಿಗುತ್ತೆ. ಅದಾದ ಮೇಲೆ ದಿನಗಟ್ಟಲೆ ಹುಲ್ಲುಗಾವಲು, ಕೊನೆಗೆ ರಷ್ಯಾ ಗಡಿ. ಚೆರ್ರಿ ಹಣ್ಣು ನಮ್ಮ ನೇರಳೆ ಹಣ್ಣಿನ ಹಾಗೆ ನಾಜೂಕು. ರಸ್ತೆಯಲ್ಲಿ ಕಳೆದ ಹೊತ್ತನ್ನ ಹೇಗೋ ತಡೆದುಕೊಳ್ಳುತ್ತೆ, ಗಡಿಯಲ್ಲಿ ಸುಮ್ಮನೆ ನಿಂತ ಹೊತ್ತನ್ನ ತಡೆದುಕೊಳ್ಳಲ್ಲ.

ಈಗ ಡ್ರೈವರ್ ಪಕ್ಕದ ಫೈಲ್ ತೆಗೆದು ನೋಡಿ. ಬಿಕಾಂ ಓದಿದವರಿಗೆ ಎಕ್ಸ್‌ಪೋರ್ಟ್ ಡಾಕ್ಯುಮೆಂಟೇಶನ್ ಅನ್ನೋ ಅಧ್ಯಾಯ ನೆನಪಿರುತ್ತೆ, ಪರೀಕ್ಷೆ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ್ದು. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಕಸ್ಟಮ್ಸ್ ಡಿಕ್ಲರೇಶನ್, ಹಣ್ಣಿನಲ್ಲಿ ಹುಳ ರೋಗ ಇಲ್ಲ ಅಂತ ಒಂದು ಪತ್ರ, ಯಾವ ದೇಶದಲ್ಲಿ ಬೆಳೆದಿದ್ದು ಅಂತ ಇನ್ನೊಂದು ಪತ್ರ, ಸಿಎಂಆರ್ ಅನ್ನೋ ಸಾಗಣೆ ಚೀಟಿ, ಟ್ರಕ್‌ನ ಪರ್ಮಿಟ್. ಒಂದೊಂದಕ್ಕೂ ಬೇರೆ ಬೇರೆ ಆಫೀಸು. ಎಲ್ಲದರಲ್ಲೂ ತುಂಬೋದು ಮಾತ್ರ ಅದದೇ: ಕಳಿಸೋರ ಹೆಸರು, ತಗೊಳ್ಳೋರ ಹೆಸರು, ಏನು ಮಾಲು, ಎಷ್ಟು ತೂಕ. ಒಂದು ಕಡೆ 18,200 ಕೆಜಿ, ಇನ್ನೊಂದು ಕಡೆ ಕೈತಪ್ಪಿ 18,020 ಅಂತ ಬಿತ್ತು ಅಂದ್ಕೊಳ್ಳಿ. ಮುಗೀತು, ಗಾಡಿ ಸೈಡಿಗೆ ಹಾಕು. ಮೋಸ ಮಾಡಿದ್ದಕ್ಕಲ್ಲ, ಎರಡು ಅಂಕಿ ಅದಲು ಬದಲಾಗಿದ್ದಕ್ಕೆ.

ಇದು ಆ ಐದು ದೇಶಗಳಿಗೆ ಯಾಕೆ ಜೀವನ್ಮರಣದ ಪ್ರಶ್ನೆ ಅಂದ್ರೆ, ಒಬ್ಬರಿಗೂ ಸಮುದ್ರ ಇಲ್ಲ. ಕ್ಯಾಸ್ಪಿಯನ್ ಇದೆಯಲ್ಲ ಅಂತೀರಾ? ಅದು ನಾಲ್ಕೂ ಕಡೆ ಮುಚ್ಚಿದ ನೀರು, ಅಲ್ಲಿಂದ ಮಹಾಸಾಗರಕ್ಕೆ ನೇರ ದಾರಿ ಇಲ್ಲ. ಕಜಕಿಸ್ತಾನ ಸಮುದ್ರ ತೀರವಿಲ್ಲದ ದೇಶಗಳಲ್ಲಿ ಜಗತ್ತಿಗೇ ದೊಡ್ಡದು. ಉಜ್ಬೇಕಿಸ್ತಾನದ್ದು ಇನ್ನೂ ಫಜೀತಿ. ಅದರ ನೆರೆಯ ದೇಶಗಳಲ್ಲಿ ಒಂದಕ್ಕೂ ಸಮುದ್ರ ಇಲ್ಲ, ಬಂದರು ಮುಟ್ಟಬೇಕಾದ್ರೆ ಕಡಿಮೆ ಅಂದ್ರೂ ಎರಡು ದೇಶದ ಗಡಿ ದಾಟಲೇಬೇಕು. ಇಂಥ ದೇಶ ಪ್ರಪಂಚದಲ್ಲಿ ಇರೋದೇ ಎರಡು, ಇನ್ನೊಂದು ಯುರೋಪಿನ ಪುಟ್ಟ ಲಿಕ್ಟನ್‌ಸ್ಟೈನ್.

ಹಾಗಂತ ಗಡಿಗಳೇನೂ ಬಹಳ ಹಳೆಯವಲ್ಲ. 1991ರ ತನಕ ಇದೆಲ್ಲ ಸೋವಿಯತ್ ಒಕ್ಕೂಟದ ಒಳಗಿನ ಜಾಗ. ಫರ್ಗಾನಾ ಕಣಿವೆಯ ರೈತನಿಗೆ ಪಕ್ಕದ ಗಣರಾಜ್ಯದ ಗೆರೆ ನಕಾಶೆಯಲ್ಲಿತ್ತೇ ಹೊರತು ರಸ್ತೆಯಲ್ಲಿ ಅಡ್ಡ ಬರ್ತಿರಲಿಲ್ಲ. ಆಮೇಲೆ ಐದು ದೇಶ, ಐದು ಕಸ್ಟಮ್ಸ್, ಐದು ಥರದ ಫಾರಂ. 2010ರ ಆಸುಪಾಸಿನಲ್ಲಿ ವಿಶ್ವ ಬ್ಯಾಂಕಿನ ‘ಡೂಯಿಂಗ್ ಬಿಸಿನೆಸ್’ ವರದಿ ಹಾಕಿದ ಲೆಕ್ಕದಲ್ಲಿ, ಕಜಕಿಸ್ತಾನದಿಂದ ಒಂದು ಕಂಟೇನರ್ ರಫ್ತು ಮಾಡೋಕೆ ಹಿಡಿಯುತ್ತಿದ್ದಿದ್ದು 80 ದಿನದ ಹತ್ತಿರ. ಆ ವರದಿಯ ಅಂಕಿಗಳಲ್ಲಿ ಏರುಪೇರು ಸಿಕ್ಕಿ 2021ರಲ್ಲಿ ಅದನ್ನೇ ನಿಲ್ಲಿಸಿದರು, ಹಾಗಾಗಿ ಒಂದೊಂದು ದಿನದ ಮೇಲೂ ನಾನು ಪ್ರಮಾಣ ಮಾಡಲ್ಲ. ಆದರೆ 80ರ ಜಾಗದಲ್ಲಿ 60 ಅಂತ ಇದ್ದಿದ್ರೂ ಚೆರ್ರಿ ಬೆಳೆಗಾರ ಏನು ಮಾಡಬೇಕಿತ್ತು ಹೇಳಿ?

ಇಲ್ಲಿಂದ ಡಿಜಿಟಲ್ ಕಥೆ ಶುರು. ಐಡಿಯಾದ ಹೆಸರು ಸಿಂಗಲ್ ವಿಂಡೋ, ಅಂದ್ರೆ ಒಂದೇ ಕಿಟಕಿ. ವ್ಯಾಪಾರಿ ತನ್ನ ಮಾಹಿತಿ ಒಂದೇ ಸಲ, ಒಂದೇ ಕಡೆ ತುಂಬ್ತಾನೆ. ಕಸ್ಟಮ್ಸ್, ಕೃಷಿ ಇಲಾಖೆ, ಆರೋಗ್ಯ ಇಲಾಖೆ ಎಲ್ಲರೂ ಅಲ್ಲಿಂದಲೇ ತಮಗೆ ಬೇಕಾದ್ದನ್ನ ತಗೊಳ್ತಾರೆ. ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮ ಒಪ್ಪಂದ 2017ರ ಫೆಬ್ರವರಿಯಲ್ಲಿ ಜಾರಿಗೆ ಬಂತು, ಅದರಲ್ಲೂ ಈ ಕಿಟಕಿಯ ಮಾತಿದೆ. ಕಿರ್ಗಿಸ್ತಾನ ತನ್ನ ಸಿಂಗಲ್ ವಿಂಡೋ ವ್ಯವಸ್ಥೆಗೆ ಇಟ್ಟ ಹೆಸರು ‘ತುಲ್ಪಾರ್’. ಅವರ ಜನಪದ ಕಥೆಗಳಲ್ಲಿ ತುಲ್ಪಾರ್ ಅಂದ್ರೆ ಗಾಳಿಯಂತೆ ಓಡೋ ರೆಕ್ಕೆಯ ಕುದುರೆ. ಸರ್ಕಾರಿ ಸಾಫ್ಟ್‌ವೇರ್‌ಗೆ ಇಷ್ಟು ಚಂದದ ಹೆಸರು ಇನ್ನೆಲ್ಲಾದ್ರೂ ಇದ್ಯಾ? ಕಜಕಿಸ್ತಾನ ವಿಶ್ವಸಂಸ್ಥೆಯ ಅಂಕ್‌ಟಾಡ್ ತಯಾರಿಸಿದ ಅಸಿಕುಡಾ ವ್ಯವಸ್ಥೆಯ ಮೇಲೆ ‘ಅಸ್ತಾನಾ-1’ ಕಟ್ಟಿಕೊಂಡಿತು. ಗಡಿಯಲ್ಲಿ ಟ್ರಕ್‌ಗಳ ಸಾಲು ಕರಗಿಸೋಕೆ ಎಲೆಕ್ಟ್ರಾನಿಕ್ ಸರದಿ ಮಾಡಿದರು, ಅದರ ಹೆಸರು ‘ಕಾರ್ಗೋರುಕ್ಸತ್’. ರುಕ್ಸತ್ ಅಂದ್ರೆ ಅನುಮತಿ, ನಮ್ಮಲ್ಲಿ ಉರ್ದು ಗೊತ್ತಿರೋರು ತಕ್ಷಣ ಹಿಡಿದಿರ್ತಾರೆ. ಡ್ರೈವರ್ ಮೊದಲೇ ಸ್ಲಾಟ್ ಬುಕ್ ಮಾಡಿ, ತನ್ನ ಹೊತ್ತಿಗೆ ಗಡಿಗೆ ಬರ್ತಾನೆ.

ಕೇಳೋಕೆ ಚೆನ್ನಾಗಿದೆ ಅಲ್ವಾ? ಕೊಕ್ಕೆ ಎಲ್ಲಿದೆ ಅಂದ್ರೆ, ಪೇಪರ್ ಫಾರಂ ಅನ್ನ ಹಾಗ್‌ಹಾಗೇ ಸ್ಕ್ರೀನ್ ಮೇಲೆ ತಂದ್ರೆ ಅದು ಸರಳ ಆಗಲ್ಲ. ಹತ್ತು ಕಾಗದ ಇದ್ದಿದ್ದು ಹತ್ತು ಪಿಡಿಎಫ್ ಆಗುತ್ತೆ, ಅಷ್ಟೇ. ಜೊತೆಗೆ ಗಡಿಯಲ್ಲಿ ಕೂತವರು ‘ಪ್ರಿಂಟ್ ತಗೊಂಡು ಬಾ, ಸೀಲ್ ಹಾಕಿಸ್ಕೊಂಡು ಬಾ’ ಅಂದ್ರೆ ಕೆಲಸ ಎರಡು ಪಟ್ಟು. ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಹಾಗೆ. ಮೊದಲು ಕೇಳಬೇಕಾದ ಪ್ರಶ್ನೆ ಈ ಫಾರಂ ಆನ್‌ಲೈನ್ ಆಯ್ತಾ ಅನ್ನೋದಲ್ಲ, ಈ ಫಾರಂ ಬೇಕೇ ಬೇಕಾ ಅನ್ನೋದು. ಫಾರಂ ಕಿತ್ತು ಹಾಕೋಕೆ ಒಬ್ಬ ಅಧಿಕಾರಿ ತನ್ನ ಸಹಿಯ ಅಧಿಕಾರ ಬಿಟ್ಟುಕೊಡಬೇಕು. ಯಾರು ಖುಷಿಯಿಂದ ಬಿಡ್ತಾರೆ?

ಇನ್ನೊಂದು ಕೊಕ್ಕೆ ಗಡಿಯ ಆಚೆ ಇದೆ. ನನ್ನ ದೇಶದ ಡಿಜಿಟಲ್ ಸಹಿಯನ್ನ ಪಕ್ಕದ ದೇಶ ಕಾನೂನು ಪ್ರಕಾರ ಒಪ್ಪದಿದ್ರೆ ಮತ್ತೆ ಪೇಪರೇ ಗತಿ. ಏಷ್ಯಾ-ಪೆಸಿಫಿಕ್ ದೇಶಗಳ ಮಧ್ಯೆ ಕಾಗದವಿಲ್ಲದ ವ್ಯಾಪಾರಕ್ಕೆ ಅಂತಲೇ ವಿಶ್ವಸಂಸ್ಥೆಯಡಿ ಒಂದು ಒಪ್ಪಂದ ಇದೆ, 2021ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ತಜಿಕಿಸ್ತಾನ, ತುರ್ಕಮೆನಿಸ್ತಾನ ಅದಕ್ಕೆ ಸೇರಿವೆ. ಟಿಐಆರ್ ಅಂತ ಇನ್ನೊಂದಿದೆ, ಈಗಿನ ರೂಪದಲ್ಲಿ 1975ರದ್ದು. ಹೊರಡೋ ಜಾಗದಲ್ಲೇ ಟ್ರಕ್‌ಗೆ ಕಸ್ಟಮ್ಸ್ ಮೊಹರು ಹಾಕ್ತಾರೆ. ಮಧ್ಯದ ದೇಶಗಳು ಸಾಮಾನ್ಯವಾಗಿ ಬಾಗಿಲು ತೆಗೆಸಲ್ಲ, ಮೊಹರು ನೋಡಿ ಬಿಡ್ತಾರೆ. ಮಾಲು ದಾರಿಯಲ್ಲಿ ಮಾಯ ಆದ್ರೆ ತೆರಿಗೆಗೆ ಗ್ಯಾರಂಟಿ ಇರುತ್ತೆ. ಒಳ್ಳೇ ಉಪಾಯ, ಆದರೆ ಅದೂ ಒಂದು ಕಾಗದದ ಪುಸ್ತಕ, ಗಡಿ ಗಡಿಗೂ ಹಾಳೆ ಹರಿದು ಕೊಡಬೇಕು. ಅದನ್ನ ಪೂರ್ತಿ ಎಲೆಕ್ಟ್ರಾನಿಕ್ ಮಾಡೋ ನಿಯಮ 2021ರ ಮೇ ತಿಂಗಳಲ್ಲಷ್ಟೇ ಜಾರಿಗೆ ಬಂದಿದ್ದು. ಅಂದಹಾಗೆ ಭಾರತ 2017ರಲ್ಲಿ ಟಿಐಆರ್‌ಗೆ ಸೇರಿದೆ. ಪಾಕಿಸ್ತಾನ, ಅಫ್ಘಾನಿಸ್ತಾನದ ಮೇಲೆ ಟ್ರಕ್ ಕಳಿಸೋ ಹಾಗಿಲ್ಲ, ಹಾಗಾಗಿ ನಮ್ಮ ಸರಕು ಇರಾನಿನ ಬಂದರು ಸುತ್ತಿಕೊಂಡು ಹೋಗಬೇಕು. ಬಿಶ್ಕೆಕ್‌ನಲ್ಲಿ ಎಂಬಿಬಿಎಸ್ ಓದೋ ನಮ್ಮ ಕರ್ನಾಟಕದ ಹುಡುಗ ಹುಡುಗಿಯರು ವಿಮಾನದಲ್ಲಿ ಕೆಲವು ಗಂಟೆಯಲ್ಲಿ ತಲುಪ್ತಾರೆ, ಸರಕಿಗೆ ಆ ಭಾಗ್ಯ ಇಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ, ಅಸಲಿ ಕಥೆ ಇಲ್ಲಿದೆ. 2023ರಲ್ಲಿ ಕಿರ್ಗಿಸ್ತಾನಕ್ಕೆ ತಾನು ಕಳಿಸಿದ ಮಾಲು 2,000 ಕೋಟಿ ಡಾಲರ್ ಹತ್ತಿರ ಅಂತ ಚೀನಾದ ಲೆಕ್ಕ. ಅದೇ ವರ್ಷ ಚೀನಾದಿಂದ ತಾನು ತರಿಸಿದ್ದು ಅಂತ ಕಿರ್ಗಿಸ್ತಾನ ಬರೆದುಕೊಂಡಿದ್ದು ಅದರ ಮೂರನೇ ಒಂದು ಭಾಗವೂ ಅಲ್ಲ. ಒಂದೇ ಗಡಿ, ಎರಡು ಲೆಕ್ಕ. ಎಲ್ಲವೂ ಕಳ್ಳತನ ಅಂತ ಹೇಳೋಕಾಗಲ್ಲ, ಬೇರೆ ದೇಶಕ್ಕೆ ಹಾದು ಹೋಗೋ ಮಾಲೂ ಇದರಲ್ಲಿ ಸೇರಿರುತ್ತೆ, ಲೆಕ್ಕ ಹಾಕೋ ಪದ್ಧತಿಯೂ ಬೇರೆ. ಆದರೂ ಇಷ್ಟು ದೊಡ್ಡ ಕಂದಕದ ಒಳಗೆ ಯಾರ್ಯಾರ ಜೇಬು ಇದೆ ಅಂತ ಆ ದೇಶದ ಜನರೇ ಕೇಳಿದರು. 2019ರಲ್ಲಿ ಪತ್ರಕರ್ತರ ತನಿಖೆಯೊಂದು ಕಸ್ಟಮ್ಸ್‌ನ ಮಾಜಿ ಉಪ ಮುಖ್ಯಸ್ಥ ರಾಯಿಂಬೆಕ್ ಮತ್ರೈಮೊವ್ ಸುತ್ತ ನಡೆದ ಹಣದ ಹರಿವನ್ನ ಬಯಲಿಗಿಟ್ಟಿತು. ಬಿಶ್ಕೆಕ್‌ನಲ್ಲಿ ಜನ ಬೀದಿಗಿಳಿದರು. 2020ರ ಡಿಸೆಂಬರ್‌ನಲ್ಲಿ ಅಮೆರಿಕ ಆತನ ಮೇಲೆ ನಿರ್ಬಂಧ ಹೇರಿತು. 2021ರ ಫೆಬ್ರವರಿಯಲ್ಲಿ ಅಲ್ಲಿನ ಕೋರ್ಟ್ ಭ್ರಷ್ಟಾಚಾರದಲ್ಲಿ ತಪ್ಪಿತಸ್ಥ ಅಂತ ತೀರ್ಪು ಕೊಟ್ಟಿತು. ಜೈಲಿಲ್ಲ. ಸರ್ಕಾರಕ್ಕೆ 200 ಕೋಟಿ ಸೋಮ್ ವಾಪಸ್, ಮೇಲೆ ಸುಮಾರು 3,000 ಡಾಲರ್ ದಂಡ.

ಈಗ ಅರ್ಥ ಆಯ್ತಲ್ಲ, ಒಂದು ಸ್ಟಾಂಪ್‌ಗೆ ಎಷ್ಟು ಬೆಲೆ ಅಂತ. ಡಿಜಿಟಲ್ ಡಿಕ್ಲರೇಶನ್ ಎರಡೂ ಕಡೆ ಒಂದೇ ಆಗಿ, ಕಂಪ್ಯೂಟರ್ ಕಂಪ್ಯೂಟರ್ ಜೊತೆ ಮಾತಾಡಿದ್ರೆ ಈ ಎರಡು ಲೆಕ್ಕದ ಆಟ ಕಷ್ಟ. ಅದಕ್ಕೇ ಸಾಫ್ಟ್‌ವೇರ್ ಬರೆಯೋದು ಸುಲಭ, ಜೋಡಿಸೋದು ಕಷ್ಟ ಅನ್ನೋದು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಬೆಂಬಲದ ಕಾರೆಕ್ ಕೂಟ 2009ರಿಂದ ಡ್ರೈವರ್‌ಗಳ ಪ್ರಯಾಣ ಹಿಂಬಾಲಿಸಿ ಗಡಿಗಳಲ್ಲಿ ಆಗೋ ಹೊತ್ತು, ಖರ್ಚು ಬರೆದಿಡ್ತಿದೆ. ಅದರಲ್ಲಿ ‘ಅನಧಿಕೃತ ಪಾವತಿ’ ಅಂತಲೇ ಒಂದು ಕಾಲಂ ಇದೆ. ನಾವು ಕೈಬಿಸಿ ಅಂತೀವಿ.

ಆದರೆ ಸಣ್ಣ ವ್ಯಾಪಾರಿ ಯಾವಾಗಲೂ ಡಿಜಿಟಲ್ ಪರ ಇರ್ತಾನೆ ಅಂದ್ಕೋಬೇಡಿ. ಬಿಶ್ಕೆಕ್‌ನ ದೊರ್ದೊಯ್ ಬಜಾರ್ ಅಂದ್ರೆ ಹಡಗಿನ ಕಂಟೇನರ್‌ಗಳನ್ನ ಒಂದರ ಮೇಲೊಂದು ಪೇರಿಸಿ ಮಾಡಿದ ಊರಿನಂಥ ಸಂತೆ. ಕೆಳಗಿನ ಡಬ್ಬ ಅಂಗಡಿ, ಮೇಲಿನದ್ದು ಗೋಡೌನ್. 2024ರ ಜನವರಿಯಲ್ಲಿ ಅಲ್ಲಿನ ವ್ಯಾಪಾರಿಗಳು ಅಂಗಡಿ ಬಾಗಿಲು ಹಾಕಿ ಪ್ರತಿಭಟನೆ ಮಾಡಿದರು. ಕಾರಣ, ಕ್ಯಾಶ್ ರಿಜಿಸ್ಟರ್ ಮತ್ತು ಸರಕಿನ ಎಲೆಕ್ಟ್ರಾನಿಕ್ ವೇಬಿಲ್, ನಮ್ಮ ಇ-ವೇ ಬಿಲ್ ಥರದ್ದು. ಕೊನೆಗೆ ಅಧ್ಯಕ್ಷ ಸದಿರ್ ಜಪಾರೋವ್ ಅವರೇ ಜಾರಿಯನ್ನ ಮುಂದೂಡಬೇಕಾಯ್ತು. ತೆರಿಗೆ ಕಳ್ಳರು ಅಂತ ಅವರನ್ನ ಬೈಯೋದು ಸುಲಭ. ನನಗೆ ಅವರ ಸಿಟ್ಟಲ್ಲಿ ನ್ಯಾಯ ಕಾಣುತ್ತೆ. ಮೇಲಿನವರ ಲೆಕ್ಕದಲ್ಲಿ ಅಷ್ಟು ದೊಡ್ಡ ಕಂದಕ ಹಾಗೇ ಇರುವಾಗ, ಪಾರದರ್ಶಕತೆಯ ಟಾರ್ಚ್ ಮೊದಲು ಬಿದ್ದಿದ್ದು ಕಂಟೇನರ್‌ನಲ್ಲಿ ಬಟ್ಟೆ ಮಾರೋ ಹೆಂಗಸಿನ ಮುಖದ ಮೇಲೆ. ದೊಡ್ಡ ಕಂಪನಿಗೆ ಅಕೌಂಟೆಂಟ್ ಇರ್ತಾನೆ, ಕಸ್ಟಮ್ಸ್ ಬ್ರೋಕರ್ ಇರ್ತಾನೆ. ಆಕೆಗೆ ಇರೋದು ಒಂದು ಫೋನು. ಯುರೋಪಿಯನ್ ಯೂನಿಯನ್ ಹಣದಲ್ಲಿ ಇಂಟರ್‌ನ್ಯಾಷನಲ್ ಟ್ರೇಡ್ ಸೆಂಟರ್ ಮಾಡಿದ ಮಾಹಿತಿ ಪೋರ್ಟಲ್ ನನಗೆ ಇಷ್ಟ ಆಗಿದ್ದು ಅದಕ್ಕೇ. ಯಾವ ಮಾಲಿಗೆ ಯಾವ ಆಫೀಸು, ಯಾವ ಕಾಗದ, ಎಷ್ಟು ಫೀಸು ಅಂತ ಹಂತ ಹಂತವಾಗಿ ಹಾಕಿದ್ದಾರೆ. ಫೀಸು ಎಷ್ಟು ಅಂತ ಮೊದಲೇ ಗೊತ್ತಿದ್ರೆ ಕೌಂಟರ್ ಆಚೆ ಕೂತವನು ಜಾಸ್ತಿ ಕೇಳೋಕೆ ಎರಡು ಸಲ ಯೋಚನೆ ಮಾಡ್ತಾನೆ.

ಎಲ್ಲ ಸಿಸ್ಟಮ್ ಸರಿಯಿದ್ರೂ ಒಂದು ಫೋನ್ ಕಾಲ್ ಸಾಕು, ಗಡಿ ಕಟ್ಟಿಹೋಗುತ್ತೆ. ಕಜಕಿಸ್ತಾನ, ಕಿರ್ಗಿಸ್ತಾನ ಎರಡೂ ಯುರೇಷಿಯನ್ ಆರ್ಥಿಕ ಒಕ್ಕೂಟದ ಸದಸ್ಯರು. 2015ರಿಂದ ಅವರಿಬ್ಬರ ಮಧ್ಯೆ ಕಸ್ಟಮ್ಸೇ ಇರಬಾರದು. 2017ರ ಅಕ್ಟೋಬರ್‌ನಲ್ಲಿ ಆಗಿನ ಕಿರ್ಗಿಸ್ ಅಧ್ಯಕ್ಷ ಅತಂಬಾಯೆವ್ ಕಜಕಿಸ್ತಾನದ ನಾಯಕರನ್ನ ಬಹಿರಂಗವಾಗಿ ಟೀಕಿಸಿದರು. ಕೆಲವೇ ದಿನದಲ್ಲಿ ಗಡಿಯಲ್ಲಿ ತಪಾಸಣೆ ಬಿಗಿಯಾಯ್ತು, ಕಿಲೋಮೀಟರ್‌ಗಟ್ಟಲೆ ಟ್ರಕ್ ನಿಂತವು. ನಿಯಮದ ಪ್ರಕಾರವೇ ಚೆಕ್ ಮಾಡ್ತಿದ್ದೀವಿ ಅಂತ ಕಜಕಿಸ್ತಾನದ ಉತ್ತರ. ಡಿಸೆಂಬರ್‌ನಲ್ಲಿ ರಾಜಿ ಆಗುವ ತನಕ ರೈತ, ಡ್ರೈವರ್ ಎಲ್ಲ ಕಾದರು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಉಲ್ಟಾ ಕೂಡ ಆಗಿತ್ತು ನೋಡಿ. ಉಜ್ಬೇಕಿಸ್ತಾನದಲ್ಲಿ ಮಿರ್ಜಿಯೊಯೆವ್ ಅಧ್ಯಕ್ಷರಾದ ಮೇಲೆ ಕಿರ್ಗಿಸ್ತಾನದ ಓಶ್ ಹತ್ತಿರದ ‘ದೋಸ್ತುಕ್’ ಗಡಿ ಮತ್ತೆ ತೆರೆಯಿತು. ದೋಸ್ತುಕ್ ಅಂದ್ರೆ ನಮ್ಮ ದೋಸ್ತಿನೇ, ಅದೇ ಪದ. ಯಾವ ಆ್ಯಪ್ ಕೂಡ ಬಂದಿರಲಿಲ್ಲ, ಇಬ್ಬರು ಕೂತು ಮಾತಾಡಿದ್ದರು ಅಷ್ಟೇ. ಕಿರ್ಗಿಸ್ತಾನ, ತಜಿಕಿಸ್ತಾನದ ಗಡಿಯಂತೂ 2021ರ ಘರ್ಷಣೆ ನಂತರ ಮುಚ್ಚಿತ್ತು, 2022ರಲ್ಲಿ ಮತ್ತೆ ರಕ್ತ ಹರಿಯಿತು. 2025ರ ಮಾರ್ಚ್ 13ರಂದು ಎರಡೂ ದೇಶ ಗಡಿ ಒಪ್ಪಂದಕ್ಕೆ ಸಹಿ ಹಾಕಿ ದಾರಿ ತೆರೆದವು. ಗಡಿಯ ಎರಡೂ ಕಡೆ ಏಪ್ರಿಕಾಟ್ ತೋಟಗಳಿವೆ. ಆ ಹಣ್ಣಿನ ಗಾಡಿಗೆ ಈಗ ಬೇಕಾಗಿರೋದು ಎರಡೂ ಕಡೆ ನಡೆಯೋ ಒಂದೇ ಒಂದು ಫಾರಂ.

ಟ್ರಕ್, ಲಾಜಿಸ್ಟಿಕ್ಸ್, ಕಸ್ಟಮ್ಸ್ ಕ್ಲಿಯರಿಂಗ್ ಕೆಲಸದಲ್ಲಿ ಇರೋರು ಯಾರಾದ್ರೂ ಕೇಳ್ತಿದ್ರೆ ನಿಮ್ಮ ಅನುಭವ ಒಂದು ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.