ಮಕ್ಕಳೊಡನೆ ಮರುಭೂಮಿಗೆ



ಉಜಿರೆಯಿಂದ ಮಕ್ಕಳೊಡನೆ ಜೈಸಲ್ಮೇರಿಗೆ ಹೊರಡುವವರು ಮೊದಲು ಬೆವರಿನ ವಿಚಾರವನ್ನು ಅರಿತಿರಬೇಕು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ. ಅಲ್ಲಿ ಸುಮಾರು 200. ನಮ್ಮ ತೇವದ ಗಾಳಿಯಲ್ಲಿ ಬೆವರು ಅಂಗಿಯನ್ನು ತೋಯಿಸಿ ಎಚ್ಚರಿಸುತ್ತದೆ. ಥಾರಿನ ಒಣಗಾಳಿಯಲ್ಲಾದರೋ ಅದು ಮೂಡಿದೊಡನೆ ಆರಿಹೋಗುವುದು. ಮೈಯ ನೀರು ಕಳೆದುದು ಕಣ್ಣಿಗೆ ಕಾಣದು. ಆಟದಲ್ಲಿ ಮೈಮರೆತ ಮಗು ಬಾಯಾರಿಕೆಯನ್ನು ಹೇಳುವುದೂ ಇಲ್ಲ. ಆದುದರಿಂದ ಮಗು ಕೇಳುವವರೆಗೆ ಕಾಯದೆ, ಗಡಿಯಾರವನ್ನು ನೋಡಿ ನೀರು ಕುಡಿಸತಕ್ಕದ್ದು. ಮೂತ್ರವು ಕಡಮೆಯಾಗಿ ಹಳದಿಗಟ್ಟಿದರೆ ಅದನ್ನು ಎಚ್ಚರಿಕೆಯೆಂದೇ ತಿಳಿಯಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಪ್ರಯಾಣಕ್ಕೆ ತಕ್ಕ ಕಾಲ. ಆಗಲೂ ಮರಳುದಿಬ್ಬಗಳಿಗೆ ಬೆಳಗ್ಗೆ ಇಲ್ಲವೆ ಸಂಜೆ ಹೋಗುವುದೇ ಲೇಸು. ಇರುಳಿನ ಚಳಿಗೆ ಉಣ್ಣೆಯ ಬಟ್ಟೆಯೂ ಗಂಟಿನಲ್ಲಿರಲಿ. ಮಕ್ಕಳಿಗೆ ಮರಳಿನ ಸಂಭ್ರಮವೇ ಸಾಕು. ನೀರಿನ ನೆನಪು ಹಿರಿಯರ ಹೊಣೆ.