ಮೆಟ್ಟಿಲ ಸರದಿ



ಪರದೇಶ ನೋಡಿಬಂದವರು ಕೋಟೆ, ಸೇತುವೆ, ಹಿಮದ ಬೆಟ್ಟಗಳ ಫೋಟೋ ತೋರಿಸುತ್ತಾರೆ. ನನ್ನ ಫೋನಿನಲ್ಲಿರುವುದು ಅಂಗೈಯಗಲದ ಒಂದು ಹಲಗೆಯ ಫೋಟೋ. ದಕ್ಷಿಣ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ನನ್ನ ಮಗಳ ಮನೆ. ಅವರ ಕಟ್ಟಡದಲ್ಲಿ ಈ ಹಲಗೆ ವಾರಕ್ಕೊಂದು ಮನೆಯ ಬಾಗಿಲ ಹಿಡಿಗೆ ಬಂದು ನೇತಾಡುತ್ತದೆ. ಬಂತು ಅಂದರೆ ಆ ವಾರ ಎಲ್ಲರೂ ಓಡಾಡುವ ಮೆಟ್ಟಿಲನ್ನು ಗುಡಿಸಿ ಒರೆಸುವ ಸರದಿ ನಿಮ್ಮದು. ಕೆಲಸ ಮುಗಿಸಿ, ಸದ್ದಿಲ್ಲದೆ ಪಕ್ಕದ ಮನೆಯ ಬಾಗಿಲಿಗೆ ದಾಟಿಸುವುದು. ಕೇರ್‌ವೋಖೆ ಅನ್ನುತ್ತಾರೆ ಅದಕ್ಕೆ. ಅಂಗಳ, ಮನೆ ಮುಂದಿನ ಕಾಲುದಾರಿ ಸೇರಿದರೆ ಅದು ದೊಡ್ಡ ಕೇರ್‌ವೋಖೆ. ಚಳಿಗಾಲದಲ್ಲಿ ಹಿಮ ಬಿದ್ದರೆ ಬೆಳಗಿನ ಜಾವವೇ ಎದ್ದು ದಾರಿ ಬಿಡಿಸಬೇಕು.

ಈ ರೂಢಿಯ ಬೇರು 1492ರ ನಗರ ಕಟ್ಟಳೆಯಲ್ಲಿದೆ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ವಾರವಾರವೂ ಗುಡಿಸಲೇಬೇಕೆಂಬ ಕಡ್ಡಾಯವನ್ನು ನಗರಾಡಳಿತ 1988ರಲ್ಲಿ ಸಡಿಲಿಸಿತು. ಆದರೂ ಬಾಡಿಗೆ ಕರಾರುಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಅಕ್ಕಪಕ್ಕದವರ ಕಣ್ಣಿನಲ್ಲಿ, ಅದು ಉಳಿದುಕೊಂಡಿದೆ.

ಶನಿವಾರ ಮಧ್ಯಾಹ್ನ ನೋಡಬೇಕು ಆ ಬೀದಿಯನ್ನು! ಎಲ್ಲರ ಕೈಯಲ್ಲೂ ಬಕೆಟ್ಟು, ಪೊರಕೆ. ಭಾನುವಾರಕ್ಕೆ ಮುಂದೂಡುವ ಹಾಗಿಲ್ಲ. ಭಾನುವಾರ ಅಲ್ಲಿ ಸಂವಿಧಾನವೇ ಕಾಯುವ ವಿಶ್ರಾಂತಿಯ ದಿನ. 1919ರ ವೈಮಾರ್ ಸಂವಿಧಾನದ ಆ ಮಾತನ್ನು 1949ರ ಈಗಿನ ಸಂವಿಧಾನದಲ್ಲೂ ಹಾಗೇ ಉಳಿಸಿಕೊಂಡರು. ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ, ಹುಲ್ಲು ಕತ್ತರಿಸುವ ಯಂತ್ರ ಬಾಯಿ ಬಿಡುವಂತಿಲ್ಲ. ಚರ್ಚಿನ ಗಂಟೆ ಮಾತ್ರ ಎಷ್ಟು ಜೋರಾಗಿ ಬೇಕಾದರೂ ಬಾರಿಸಬಹುದು, ಅದು ಬೇರೆ ಮಾತು.

ಕೆಳಗಿನ ಮನೆಯ ಅಜ್ಜಿಯೊಬ್ಬರು ಕಸವೇ ಇಲ್ಲದ ಮೆಟ್ಟಿಲನ್ನು ಮೂಲೆ ಮೂಲೆ ಕೆದಕಿ ಗುಡಿಸುವುದನ್ನು ಕಂಡು ನನಗೆ ನಗು ಬಂದಿತ್ತು. ಆಮೇಲೆ ಯೋಚಿಸಿದೆ, ನಾವೂ ಇನ್ನೇನು ಮಾಡುತ್ತೇವೆ? ನಿನ್ನೆ ತೊಳೆದ ಅಂಗಳಕ್ಕೇ ಇವತ್ತೂ ನೀರು ಚಿಮುಕಿಸಿ, ರಂಗೋಲಿ ಇಟ್ಟು, ಎದುರುಮನೆಯವರು ನೋಡಿದರೋ ಇಲ್ಲವೋ ಅಂತ ಒಮ್ಮೆ ಕತ್ತೆತ್ತುತ್ತೇವೆ. ಶುಚಿಯ ಹಂಬಲದಲ್ಲಿ ಅವರಿಗೆ ನಾವೇನೂ ಕಡಿಮೆಯಿಲ್ಲ. ನಮ್ಮ ರಂಗೋಲಿ ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ ನಮ್ಮ ಜವಾಬ್ದಾರಿಯೂ ಮುಗಿಯುತ್ತದೆ, ಅಷ್ಟೆ. ಅದರಾಚೆಯ ಮೆಟ್ಟಿಲು, ಮೋರಿ, ಬೀದಿ ಎಲ್ಲ "ಯಾರಾದರೂ" ನೋಡಿಕೊಳ್ಳಬೇಕಾದದ್ದು. ಆ ಯಾರಾದರೂ ಯಾರು ಎಂಬುದನ್ನು ನಮ್ಮ ಸಮಾಜ ಹುಟ್ಟಿನಿಂದಲೇ ಗೊತ್ತುಮಾಡಿಟ್ಟಿದೆ. ಬೆಳಿಗ್ಗೆ ಐದಕ್ಕೇ ಬೀದಿಗಿಳಿಯುವ ಪೌರಕಾರ್ಮಿಕರನ್ನು ಒಮ್ಮೆ ಮಾತಾಡಿಸಿ ನೋಡಿ, ತಿಳಿಯುತ್ತದೆ. ಆ ಹಲಗೆಗೆ ಹಾಗೆ ಆರಿಸಿಕೊಳ್ಳಲು ಬರುವುದಿಲ್ಲ. ಪ್ರೊಫೆಸರ್ ಮನೆಗೂ ಬರುತ್ತದೆ, ಬಸ್ ಓಡಿಸುವವರ ಮನೆಗೂ ಬರುತ್ತದೆ.

ಹಾಗಂತ ಅಲ್ಲಿ ಎಲ್ಲರೂ ಅದನ್ನು ಪ್ರೀತಿಯಿಂದ ಮಾಡುತ್ತಾರೆ ಅಂತಲ್ಲ. ಗೊಣಗುವವರಿದ್ದಾರೆ, ಅದನ್ನೇ ತಮಾಷೆ ಮಾಡುವವರಿದ್ದಾರೆ. ದುಡ್ಡು ಕೊಟ್ಟು ಗುತ್ತಿಗೆಯವರಿಗೆ ವಹಿಸಿದ ಕಟ್ಟಡಗಳೂ ಬೇಕಾದಷ್ಟಿವೆ. ಆ ಅಜ್ಜಿಯ ತಪಾಸಣೆಯ ನೋಟ ನನಗಂತೂ ಹಿಡಿಸಲಿಲ್ಲ.

ನಮ್ಮ ಅಳಿಯ ಮಾತ್ರ ಸರದಿ ಬಂದ ಶನಿವಾರ ಚಡ್ಡಿ ಏರಿಸಿ, ಬಕೆಟ್ಟು ಹಿಡಿದು, ಮೇಲಿನ ಮೆಟ್ಟಿಲಿಂದ ಶುರುಮಾಡಿ ಕೆಳಗಿನವರೆಗೂ ಸೊಗಸಾಗಿ ಒರೆಸಿಬರುತ್ತಾರೆ. ಅದೇ ಅಳಿಯ ರಜೆಗೆ ಮೈಸೂರಿನ ನಮ್ಮ ಮನೆಗೆ ಬಂದಾಗ ಊಟದ ತಟ್ಟೆಯನ್ನೂ ಎತ್ತುವುದಿಲ್ಲ. ಎತ್ತಲು ಹೋದರೆ ನಾನೇ ಬಿಡುವುದಿಲ್ಲ!